ಇಪ್ಪತ್ನಾಲ್ಕು ದಿನಗಳ ಪ್ರಧಾನಿಯೂ ಐದು ತುಂಡು ಹೊಲವೂ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ಅಲ್ಪಾವಧಿಯ ಪ್ರಧಾನಿಗಳ ಪಟ್ಟಿಯೊಂದು ಪ್ರಕಟವಾಗಿತ್ತು. ಅದರಲ್ಲಿ ಚೌಧರಿ ಚರಣ್ ಸಿಂಗ್ ಅವರಿಗೆ ಸಿಕ್ಕಿದ್ದು ಎರಡೂವರೆ ಸಾಲು: ಹುಟ್ಟಿದ ದಿನ, ಅಧಿಕಾರದಲ್ಲಿದ್ದ ಅವಧಿ, ಕೊನೆಗೆ ‘ಪ್ರಧಾನಿಯಾಗಿ ಸಂಸತ್ತನ್ನು ಒಮ್ಮೆಯೂ ಎದುರಿಸದವರು’ ಎಂಬ ಷರಾ. ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕ್ವಿಜ್ ಸ್ಪರ್ಧೆಗೆಂದು ಆ ಎರಡೂವರೆ ಸಾಲನ್ನು ಜಗಲಿಯ ಮೇಲೆ ಕುಳಿತು ಬಾಯಿಪಾಠ ಮಾಡುತ್ತಿದ್ದಳು. ಸಾಲುಗಳಲ್ಲಿ ತಪ್ಪೇನೂ ಇಲ್ಲ. ಆದರೆ ನಾನು ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಮೂವತ್ತೆಂಟು ವರ್ಷ ಸರ್ಕಾರಿ ಭೂಮಾಪಕನಾಗಿದ್ದವನು. ಯಾರಾದರೂ ಒಂದು ಅಳತೆ ಹೇಳಿದರೆ ಯಾವ ಸರಪಳಿಯಲ್ಲಿ ಅಳೆದಿರಿ ಎಂದು ಕೇಳುವುದು ನಮ್ಮ ಇಲಾಖೆಯವರಿಗೆ ಅಂಟಿದ ಚಟ. ಚರಣ್ ಸಿಂಗ್ ಅವರನ್ನು ಕುರ್ಚಿಯಲ್ಲಿ ಕುಳಿತ ದಿನಗಳ ಸರಪಳಿಯಿಂದ ಅಳೆದಿರುವುದು ಸರಿಯಲ್ಲ ಎಂದು ಹೇಳಲಿಕ್ಕಾಗಿ ಈ ಪತ್ರ. ಸ್ವಲ್ಪ ದೀರ್ಘವಾದರೆ ಕ್ಷಮಿಸಬೇಕು.

ಮೊದಲು ಆ ದಿನಗಳ ಲೆಕ್ಕವನ್ನೇ ನೋಡೋಣ. 1979ರ ಜುಲೈ 15ರಂದು ಮೊರಾರ್ಜಿ ದೇಸಾಯಿ ರಾಜೀನಾಮೆ ಕೊಟ್ಟರು. ಜನತಾ ಪಕ್ಷ ಒಡೆದಿತ್ತು. ಅಂದು ರಾಷ್ಟ್ರಪತಿಯಾಗಿದ್ದವರು ನಮ್ಮ ಬಾಗೇಪಲ್ಲಿ, ಗೌರಿಬಿದನೂರಿನ ಗಡಿಯಾಚೆಯ ಅನಂತಪುರ ಜಿಲ್ಲೆಯ ಇಲ್ಲೂರಿನ ನೀಲಂ ಸಂಜೀವ ರೆಡ್ಡಿ. ಅವರು ಎರಡೂ ಬಣಗಳಿಂದ ಬೆಂಬಲಿಗರ ಪಟ್ಟಿ ತರಿಸಿಕೊಂಡು ನೋಡಿ ಚರಣ್ ಸಿಂಗ್ ಅವರನ್ನು ಸರ್ಕಾರ ರಚಿಸಲು ಕರೆದರು. ಜುಲೈ 28ರಂದು ಪ್ರಮಾಣವಚನವಾಯಿತು. ಯಶವಂತರಾವ್ ಚವಾಣ್ ಉಪಪ್ರಧಾನಿಯಾದರು, ನಮ್ಮ ಉಡುಪಿಯ ಟಿ.ಎ. ಪೈ ರೈಲ್ವೆ ಸಚಿವರಾದರು. ಹೊರಗಿನಿಂದ ಬೆಂಬಲ ಕೊಟ್ಟಿದ್ದು ಇಂದಿರಾ ಗಾಂಧಿಯವರ ಕಾಂಗ್ರೆಸ್. ಎರಡು ವರ್ಷ ಹಿಂದೆ, 1977ರ ಅಕ್ಟೋಬರ್‌ನಲ್ಲಿ, ಗೃಹ ಸಚಿವರಾಗಿ ಇದೇ ಇಂದಿರಾ ಗಾಂಧಿಯವರನ್ನು ಬಂಧಿಸಿದ್ದವರು ಚರಣ್ ಸಿಂಗ್. ಮರುದಿನವೇ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತ್ತು. ಅಂಥವರ ಬೆಂಬಲವನ್ನು ನೆಚ್ಚಿಕೊಂಡು ಕುರ್ಚಿ ಏರಿದ್ದು ಹರಿದ ಏಣಿಯ ಮೇಲೆ ಅಟ್ಟ ಹತ್ತಿದಂತೆ. ಆಗಸ್ಟ್ 15ರಂದು ಕೆಂಪುಕೋಟೆಯಿಂದ ಭಾಷಣ ಮಾಡಿದರು. ಐದು ದಿನ ಕಳೆಯುವುದರೊಳಗೆ, ಬಹುಮತ ಸಾಬೀತು ಮಾಡಬೇಕಾಗಿದ್ದ ಆಗಸ್ಟ್ 20ರಂದು, ಬೆಂಬಲ ಹಿಂದಕ್ಕೆ ಹೋಯಿತು. ಸದನಕ್ಕೆ ಹೋಗದೆಯೇ ರಾಜೀನಾಮೆ ಕೊಟ್ಟರು. ಇಂದಿರಾ ಗಾಂಧಿಯವರ ಮೇಲಿನ ಮೊಕದ್ದಮೆಗಳನ್ನು ಕೈಬಿಡಲು ತಾನು ಒಪ್ಪದಿದ್ದುದೇ ಕಾರಣ ಎಂಬುದು ಅವರು ಕೊಟ್ಟ ವಿವರಣೆ. ಜನತಾ ಪಕ್ಷದ ನಾಯಕ ಜಗಜೀವನ್ ರಾಮ್ ಅವರಿಗೆ ಸರ್ಕಾರ ರಚಿಸಲು ಅವಕಾಶ ಕೊಡದೆ ಲೋಕಸಭೆಯನ್ನು ವಿಸರ್ಜಿಸಲಾಯಿತು. ಮುಂದೆ 1980ರ ಜನವರಿ 14ರವರೆಗೆ ಅವರು ಉಸ್ತುವಾರಿ ಪ್ರಧಾನಿ. ಎಲ್ಲ ಸೇರಿ 170 ದಿನ. ಅದರಲ್ಲಿ ಪೂರ್ಣಾಧಿಕಾರದವು 24.

ಆಗ ನನಗೆ ಹತ್ತೊಂಬತ್ತು ವರ್ಷ. ಆಕಾಶವಾಣಿಯ ವಾರ್ತೆ ಕೇಳುತ್ತಿದ್ದ ಅಪ್ಪ ‘ಕೂತ ಕುರ್ಚಿ ಬಿಸಿಯಾಗಲೂ ಇಲ್ಲ’ ಎಂದು ಹೇಳಿ ರೇಡಿಯೋ ಆರಿಸಿ ದನಕ್ಕೆ ನೀರಿಡಲು ಹೋದದ್ದು ನೆನಪಿದೆ. ದೇಶದ ನೆನಪೂ ಹೆಚ್ಚುಕಡಿಮೆ ಅಲ್ಲಿಗೇ ನಿಂತುಹೋಯಿತು. ಆ ನೆನಪು ಅನ್ಯಾಯದ್ದೇನೂ ಅಲ್ಲ. ಪ್ರಧಾನಿಯಾಗಬೇಕೆಂಬ ಆಸೆಯನ್ನು ಅವರು ಬಚ್ಚಿಟ್ಟವರಲ್ಲ. ತುರ್ತುಪರಿಸ್ಥಿತಿಯ ವಿರುದ್ಧ ಜನ ಕಟ್ಟಿಕೊಟ್ಟ ಸರ್ಕಾರವೊಂದು ಎರಡೂವರೆ ವರ್ಷ ತುಂಬುವ ಮೊದಲೇ ಬೀಳುವುದರಲ್ಲಿ ಅವರ ಪಾಲು ದೊಡ್ಡದು. ಜನವರಿಯ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 353 ಸ್ಥಾನ, ಚರಣ್ ಸಿಂಗ್ ಅವರ ಪಕ್ಷಕ್ಕೆ 41. ಲೆಕ್ಕ ಅಲ್ಲಿಗೆ ಚುಕ್ತಾ.

ನನ್ನ ತಕರಾರು ಇರುವುದು, ಇದಕ್ಕೂ ಕಾಲು ಶತಮಾನದ ಹಿಂದೆ ಆ ಮನುಷ್ಯ ಮಾಡಿದ ಕೆಲಸವೊಂದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ ಎಂಬ ಬಗ್ಗೆ.

ಚರಣ್ ಸಿಂಗ್ ಹುಟ್ಟಿದ್ದು 1902ರ ಡಿಸೆಂಬರ್ 23ರಂದು, ಅಂದಿನ ಮೀರತ್ ಜಿಲ್ಲೆಯ ನೂರ್‌ಪುರದಲ್ಲಿ, ಗೇಣಿ ಉಳುವವರ ಮನೆಯಲ್ಲಿ. ಆಗ್ರಾದಲ್ಲಿ ಓದಿ, ಕಾನೂನು ಪದವಿ ಪಡೆದು ಗಾಜಿಯಾಬಾದಿನಲ್ಲಿ ವಕೀಲಿ ಮಾಡಿದರು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. 1937ರಲ್ಲಿ ಛಪ್ರೌಲಿಯಿಂದ ಪ್ರಾಂತೀಯ ಶಾಸನಸಭೆಗೆ ಆಯ್ಕೆಯಾದರು. ಸಭೆಗೆ ಹೋದ ಹೊಸತರಲ್ಲೇ ಅವರು ಮಂಡಿಸಿದ್ದು, ರೈತನ ಫಸಲಿನ ತೂಕ ಮತ್ತು ಬೆಲೆಯಲ್ಲಿ ವರ್ತಕರು ಮಾಡುವ ಮೋಸವನ್ನು ತಡೆಯಲು ಕೃಷಿ ಮಾರುಕಟ್ಟೆಗಳನ್ನು ಕಾನೂನಿನ ಹಿಡಿತಕ್ಕೆ ತರುವ ಒಂದು ಖಾಸಗಿ ಮಸೂದೆ. ಉತ್ತರ ಪ್ರದೇಶದಲ್ಲಿ ಅಂಥ ಕಾಯ್ದೆ ಬಂದಿದ್ದು 1964ರಲ್ಲಿ. ಕೋಲಾರದ ಎಪಿಎಂಸಿಯಲ್ಲಿ ಬೆಳಗಿನ ಜಾವ ಟೊಮೆಟೊ ಕ್ರೇಟುಗಳ ನಡುವೆ ನಿಂತು ಹರಾಜು ಕೂಗುವವನ ಬಾಯಿಯನ್ನೇ ನೋಡುತ್ತಾ, ಕಮಿಷನ್ ಎಷ್ಟು ಮುರಿಯುತ್ತಾರೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವ ನಮ್ಮ ಕಡೆಯ ರೈತನಿಗೆ ಆ ಮಸೂದೆಯ ಉದ್ದೇಶವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಗೋವಿಂದ ವಲ್ಲಭ ಪಂತರ ಸರ್ಕಾರದಲ್ಲಿ ಜಮೀನ್ದಾರಿ ರದ್ದತಿಯ ಕಾಯ್ದೆಯನ್ನು ರೂಪಿಸಿದವರಲ್ಲಿ ಚರಣ್ ಸಿಂಗ್ ಮುಖ್ಯರು. ಆ ಕಾಯ್ದೆ ಜಾರಿಗೆ ಬಂದಿದ್ದು 1952ರ ಜುಲೈ 1ರಂದು. ಅಷ್ಟು ಹೊತ್ತಿಗೆ ಅವರೇ ಕಂದಾಯ ಸಚಿವರು. ಜಮೀನ್ದಾರಿಯನ್ನು ರದ್ದು ಮಾಡುತ್ತೇವೆಂದು ಎಲ್ಲ ರಾಜ್ಯಗಳೂ ಘೋಷಿಸಿದ್ದವು. ಘೋಷಣೆ ಮತ್ತು ಹೊಲದ ನಡುವೆ ಒಂದು ಕಡತವಿದೆ, ಆ ಕಡತದ ಮೇಲೆ ಒಬ್ಬ ಮನುಷ್ಯ ಕುಳಿತಿದ್ದಾನೆ ಎಂಬುದನ್ನು ಅರಿತು ಅವನನ್ನು ಎಬ್ಬಿಸಿದ ಕಂದಾಯ ಸಚಿವರು ವಿರಳ.

ಆ ಮನುಷ್ಯನಿಗೆ ಅಲ್ಲಿ ಪಟವಾರಿ ಎಂದು ಹೆಸರು, ನಮ್ಮಲ್ಲಿ ಶಾನುಭೋಗ. ಹೊಲ ಯಾರದು, ಉಳುವವರು ಯಾರು, ಬೆಳೆ ಏನು ಎಂದು ಬರೆಯುವವನು ಅವನೇ. ಗೇಣಿದಾರನ ಹೆಸರು ದಾಖಲೆಯಲ್ಲಿ ಇದ್ದರೆ ಹಕ್ಕು ಸಿಗುತ್ತದೆ, ಇಲ್ಲದಿದ್ದರೆ ಮೂರು ತಲೆಮಾರು ಉತ್ತರೂ ಅವನು ಕೂಲಿ. ಹಾಗಾಗಿ ಕಾನೂನು ಎಷ್ಟೇ ಚೆನ್ನಾಗಿರಲಿ, ಪಟವಾರಿ ಬರೆಯುವ ಒಂದು ಹೆಸರಿನ ಮುಂದೆ ಅದು ಕೈಕಟ್ಟಿ ನಿಲ್ಲಬೇಕಾಗಿತ್ತು. 1953ರ ಆರಂಭದಲ್ಲಿ ಸಂಬಳ, ಸವಲತ್ತಿನ ಬೇಡಿಕೆಯಿಟ್ಟು ಪಟವಾರಿಗಳು ಸಾಮೂಹಿಕವಾಗಿ ರಾಜೀನಾಮೆ ಬರೆದುಕೊಟ್ಟರು. ಸುಮಾರು 27,000 ಮಂದಿ. ಭೂ ದಾಖಲೆಯೆಲ್ಲ ತಮ್ಮ ಬಗಲಲ್ಲಿರುವಾಗ ಸರ್ಕಾರ ಕಾಲಿಗೆ ಬೀಳುತ್ತದೆ ಎಂಬ ಎಣಿಕೆ ಅವರದಾಗಿದ್ದಿರಬೇಕು. ಚರಣ್ ಸಿಂಗ್ ಆ ರಾಜೀನಾಮೆಗಳನ್ನು ಅಂಗೀಕರಿಸಿಬಿಟ್ಟರು! ಹುದ್ದೆಯನ್ನೇ ತೆಗೆದುಹಾಕಿ, ಲೇಖಪಾಲ ಎಂಬ ಹೊಸ ಹೆಸರಿನಲ್ಲಿ ಹೊಸಬರನ್ನು ನೇಮಿಸಿದರು. ಹೊಸಬರೆಲ್ಲ ಹರಿಶ್ಚಂದ್ರರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ನನ್ನ ಇಲಾಖೆಯ ಜನರನ್ನು ನಾನು ಕಂಡಿದ್ದೇನೆ. ಆದರೆ ಭೂಸುಧಾರಣೆಯ ನಡುಗಾಲದಲ್ಲಿ ಇಡೀ ರಾಜ್ಯದ ದಾಖಲೆ ಬರೆಯುವವರನ್ನು ಒಟ್ಟಿಗೆ ಮನೆಗೆ ಕಳಿಸುವ ಎದೆ ಯಾರಿಗಿತ್ತು? ಒಳಗೇಣಿದಾರರಾಗಿ ಉಳುತ್ತಿದ್ದು, ‘ಅಧಿವಾಸಿ’ ಎಂದು ದಾಖಲಾದವರಿಗೆ 1954ರ ತಿದ್ದುಪಡಿಯಿಂದ ಕಾಯಂ ಹಕ್ಕು ಸಿಕ್ಕಿತು. ಅವರನ್ನು ಎಬ್ಬಿಸಬೇಕೆಂದು ಒತ್ತಡ ತಂದವರಲ್ಲಿ ಸ್ವಪಕ್ಷದವರೇ ಇದ್ದರು.

ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದಿದ್ದು 1963ರಲ್ಲಿ. ಆಮೇಲೆ ಬಂದವನು ಗ್ರಾಮ ಲೆಕ್ಕಿಗ. ಈಗ ಅವನ ಹೆಸರು ಗ್ರಾಮ ಆಡಳಿತ ಅಧಿಕಾರಿ. ದೇವರಾಜ ಅರಸರ 1974ರ ಭೂಸುಧಾರಣಾ ತಿದ್ದುಪಡಿಯ ಕಾಲದಲ್ಲಿ, ಉಳುವ ಹೊಲದ ಹಕ್ಕು ಕೇಳುವ ನಮೂನೆ 7ರ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರರನ್ನು ಕೇಳಿದರೆ, ಪಹಣಿಯಲ್ಲಿ ಉಳುವವರ ಹೆಸರು ಬರೆಯುವ 12ನೇ ಕಾಲಂನಲ್ಲಿ ತಮ್ಮ ಹೆಸರಿತ್ತೋ ಇಲ್ಲವೋ ಎಂಬ ಒಂದೇ ಮಾತಿನ ಮೇಲೆ ಬದುಕು ಹೇಗೆ ತಿರುಗಿತೆಂದು ಹೇಳುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೇಲೂ ಆ ಹಳೆಯ ಅರ್ಜಿಗಳ ಹಿಂದೆ ಅಳತೆಗೆ ಹೋಗಿದ್ದೇನೆ. ಉಳುಮೆ ಮಾಡಿದವನ ಅಂಗೈಯಲ್ಲಿ ಸಾಕ್ಷಿ ಇರುತ್ತಿತ್ತು, ಕಾಗದದಲ್ಲಿ ಇರುತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಏನೆಂದು ಅಂಥ ಕಡತಗಳನ್ನು ಬಿಡಿಸಿದವರಿಗೆ ಗೊತ್ತು.

ಇನ್ನೊಂದು ಕೆಲಸ ಚಕಬಂದಿ, ಅಂದರೆ ಚದುರಿದ ಹಿಡುವಳಿಗಳ ಕ್ರೋಡೀಕರಣ. ಅದರ ಕಾಯ್ದೆಯೂ 1953ರದೇ. ಇದನ್ನು ವಿವರಿಸಲು ನಮ್ಮ ಮನೆಯ ಪಹಣಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗುವುದಿಲ್ಲ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನನ್ನ ಪಾಲಿಗೆ ಬಂದ ಜಮೀನು ಮೂರು ಎಕರೆ ಇಪ್ಪತ್ತು ಗುಂಟೆ. ಕೇಳುವುದಕ್ಕೆ ಸಾಕಷ್ಟಾಯಿತು. ಆದರೆ ಅದು ಐದು ಕಡೆ ಇದೆ: ಊರ ಪಡುವಣಕ್ಕೆ ರಾಗಿ ಹೊಲ ಒಂದೂಕಾಲು ಎಕರೆ, ಕೆರೆಯ ಕೆಳಗೆ ಹದಿನೆಂಟು ಗುಂಟೆ ತರಿ, ಗುಡ್ಡದ ಬದಿಗೆ ಮೂವತ್ತು ಗುಂಟೆ ಮಾವು, ಹಾದಿ ಬದಿಯಲ್ಲಿ ಇಪ್ಪತ್ತೆರಡು ಗುಂಟೆ, ಇನ್ನು ಸ್ಮಶಾನದ ಆಚೆಗೆ ಇಪ್ಪತ್ತು ಗುಂಟೆ. ತಾತನ ಮೂವರು ಮಕ್ಕಳು ಪಾಲಾಗುವಾಗ ಯಾರಿಗೂ ಅನ್ಯಾಯವಾಗಬಾರದೆಂದು ಒಂದೊಂದು ಹೊಲವನ್ನೂ ಮೂರು ಮಾಡಿಕೊಂಡರು. ಬಾವಿಯಲ್ಲಿ ಮೂರನೇ ಒಂದು ಪಾಲು, ಹುಣಸೆ ಮರದಲ್ಲಿ ಮೂರನೇ ಒಂದು ಪಾಲು. ಈಗ ಕೊಳವೆಬಾವಿಗೆ ಸಾವಿರ ಅಡಿ ದಾಟಿ ಕೊರೆಸಬೇಕಾದ ಈ ಸೀಮೆಯಲ್ಲಿ ರಾಗಿ ಹೊಲದಲ್ಲಿ ಸಿಕ್ಕ ನೀರನ್ನು ಹಾದಿ ಬದಿಯ ಹೊಲಕ್ಕೆ ಒಯ್ಯಬೇಕಾದರೆ ನಾಲ್ವರ ಬದುವನ್ನು ಪೈಪು ದಾಟಬೇಕು. ನಾಲ್ವರಲ್ಲಿ ಇಬ್ಬರು ಮಾತುಬಿಟ್ಟ ದಾಯಾದಿಗಳು.

ಅಳತೆಗೆ ಹೋದ ಊರುಗಳಲ್ಲೆಲ್ಲ ನಾನು ನೋಡಿದ್ದು ಇದೇ ಚಿತ್ರ. ನಮ್ಮ ಹಳೆಯ ಸರಪಳಿ 33 ಅಡಿ ಉದ್ದ, ಹದಿನಾರು ಆಣೆಯ ಲೆಕ್ಕ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. ಮುಳಬಾಗಿಲು ಕಡೆಯ ಒಂದು ಊರಿನಲ್ಲಿ ಅಣ್ಣತಮ್ಮಂದಿರಿಬ್ಬರ ನಡುವಿನ ಎರಡು ಆಣೆ ಅಗಲದ ಪಟ್ಟಿಗಾಗಿ ನಾನು ಮೂರು ಸಲ ಹೋದೆ. ಎರಡು ಆಣೆ ಎಂದರೆ ನಾಲ್ಕು ಅಡಿ ಚಿಲ್ಲರೆ. ಮೂರನೆಯ ಸಲ ಟಿಪ್ಪಣಿ ಪುಸ್ತಕ ಬಿಚ್ಚಿಕೊಂಡು, ಆಳಿನ ಕೈಯಲ್ಲಿ ಸರಪಳಿಯ ತುದಿ ಹಿಡಿಸಿ, ಮೂಲ ಬಾಂದು ಕಲ್ಲು ಇರಬೇಕಾದ ಜಾಗವನ್ನು ಅಗೆಸಿದರೆ ಕಲ್ಲಿನ ಬದಲು ಅದು ಇದ್ದ ಗುಳಿ ಸಿಕ್ಕಿತು. ಒಳಗಿನ ಮಣ್ಣಿನ್ನೂ ಸಡಿಲವಾಗಿತ್ತು. ಕಲ್ಲು ಆಮೇಲೆ ತಮ್ಮನ ಕೊಟ್ಟಿಗೆಯಲ್ಲಿ ಗೂಟವಾಗಿ ಪತ್ತೆಯಾಯಿತು, ಅದಕ್ಕೆ ಕರು ಕಟ್ಟಿದ್ದರು. ಅಣ್ಣ ನಗಲಿಲ್ಲ, ಅಳಲೂ ಇಲ್ಲ, ಸುಮ್ಮನೆ ಬದುವಿನ ಮೇಲೆ ಕುಳಿತುಬಿಟ್ಟ. ಜಮೀನು ಒಂದೇ ಕಡೆ ಇದ್ದಿದ್ದರೆ ಆ ಜಗಳಕ್ಕೆ ಬದುವೇ ಇರುತ್ತಿರಲಿಲ್ಲ.

ಚಕಬಂದಿಯಲ್ಲಿ ಮಾಡಿದ್ದು ಇಷ್ಟೆ: ಇಡೀ ಊರಿನ ಹೊಲಗಳಿಗೆ ಮಣ್ಣು, ನೀರು ನೋಡಿ ಬೆಲೆ ಕಟ್ಟುವುದು, ಒಬ್ಬನ ಚೂರುಪಾರುಗಳ ಒಟ್ಟು ಬೆಲೆಗೆ ಸರಿಯಾದ ಜಮೀನನ್ನು ಆದಷ್ಟು ಒಂದೆರಡು ಕಡೆಗಳಲ್ಲೇ ಒಟ್ಟುಗೂಡಿಸಿ ಕೊಡುವುದು, ದಾರಿಗೆ ಕಾಲುವೆಗೆ ಜಾಗ ಬಿಡುವುದು. ಹೇಳುವಷ್ಟು ಸುಲಭವಲ್ಲ. ತನ್ನ ತಾತ ಕಲ್ಲು ಆಯ್ದ ಹೊಲವನ್ನು ಇನ್ನೊಬ್ಬನಿಗೆ ಬಿಟ್ಟುಕೊಡು ಎಂದರೆ ಯಾರೂ ಸುಮ್ಮನೆ ಒಪ್ಪುವುದಿಲ್ಲ. ಬಲ್ಲಿದನಿಗೆ ಒಳ್ಳೆಯ ಹೊಲ, ಬಡವನಿಗೆ ಚೌಳು ಎಂಬ ದೂರುಗಳೂ ಲಂಚದ ದೂರುಗಳೂ ಅಲ್ಲಿ ಎದ್ದವು. ಆದರೂ ಪಶ್ಚಿಮ ಉತ್ತರ ಪ್ರದೇಶದಲ್ಲಿ ಆ ಕೆಲಸ ನಡೆಯಿತು. ಹೊಲ ಒಂದೆಡೆ ಸೇರಿದ್ದರಿಂದ ಸಣ್ಣ ರೈತನೂ ಸ್ವಂತ ಕೊಳವೆಬಾವಿ ತೋಡುವುದು ಗಿಟ್ಟುವಂತಾಯಿತು, ಮುಂದೆ ಹಸಿರು ಕ್ರಾಂತಿಯ ಗೋಧಿ ಬಂದಾಗ ಆ ಸೀಮೆ ಅದನ್ನು ಹಿಡಿದುಕೊಳ್ಳುವ ಸ್ಥಿತಿಯಲ್ಲಿತ್ತು. ಕರ್ನಾಟಕದಲ್ಲೂ ತುಂಡುಭೂಮಿ ತಡೆಗೆ, ಹಿಡುವಳಿ ಕ್ರೋಡೀಕರಣಕ್ಕೆ 1966ರಲ್ಲಿ ಕಾಯ್ದೆಯಾಗಿತ್ತು. ನನ್ನ ಮೂವತ್ತೆಂಟು ವರ್ಷಗಳ ನೌಕರಿಯಲ್ಲಿ ನಾನು ಹೊಲಗಳನ್ನು ಒಡೆದು ಪೋಡಿ ಮಾಡಿದ್ದೇನೆಯೇ ಹೊರತು ಎರಡು ಹೊಲಗಳನ್ನು ಒಂದು ಮಾಡಲಿಕ್ಕೆ ಒಮ್ಮೆಯೂ ಸರಪಳಿ ಎಳೆದವನಲ್ಲ.

ಹಿಡುವಳಿ ಒಟ್ಟುಗೂಡಬೇಕೆಂದ ಮನುಷ್ಯನೇ ಸಾಮೂಹಿಕ ಬೇಸಾಯವನ್ನು ಕಡುವಾಗಿ ವಿರೋಧಿಸಿದರು. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನದಲ್ಲಿ ಸಹಕಾರಿ ಸಂಯುಕ್ತ ಬೇಸಾಯದ ನಿರ್ಣಯ ಬಂದಾಗ, ನೆಹರೂ ಅವರು ವೇದಿಕೆಯಲ್ಲಿದ್ದಾಗಲೇ ಎದ್ದು ನಿಂತು ಅದು ಈ ದೇಶದಲ್ಲಿ ನಡೆಯದು ಎಂದು ವಾದಿಸಿದರು. ರೈತ ತನ್ನದೆಂದು ಹೇಳಿಕೊಳ್ಳುವ ಹೊಲದಲ್ಲಿ ದುಡಿಯುವಂತೆ ಇನ್ನೊಂದೆಡೆ ದುಡಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ಆ ವರ್ಷವೇ ಲಖನೌದ ಮಂತ್ರಿಗಿರಿ ಬಿಟ್ಟರು. ಇದಕ್ಕೂ ಮೊದಲು, 1954ರಲ್ಲಿ, ಗೆಜೆಟೆಡ್ ಹುದ್ದೆಗಳನ್ನು ಜಾತಿಯ ಹೊರಗೆ ಮದುವೆಯಾಗುವವರಿಗೇ ಮೀಸಲಿಡಬೇಕು ಎಂದು ನೆಹರೂ ಅವರಿಗೆ ಕಾಗದ ಬರೆದಿದ್ದರೆಂದು ಹೇಳಿದರೆ, ಅವರನ್ನು ಬರೀ ಜಾಟ್ ಜಾತಿಯ ನಾಯಕನೆಂದು ತಿಳಿದವರು ನಂಬುವುದಿಲ್ಲ. ನೆಹರೂ ಒಪ್ಪಲಿಲ್ಲ. ನಾನಾಗಿದ್ದರೂ ಬಹುಶಃ ಒಪ್ಪುತ್ತಿರಲಿಲ್ಲ, ಆದರೆ ಅಂಥದೊಂದು ಕಾಗದ ಬರೆಯುವ ಮಂತ್ರಿ ಈಗ ಎಲ್ಲಿ?

ಅವರ ಕಣ್ಣಿಗೆ ಬೀಳದೆ ಹೋದವರೂ ಇದ್ದರು. ಉಳುವವನಿಗೆ ಹೊಲ ಕೊಟ್ಟ ಅವರ ಕಾನೂನಿನಲ್ಲಿ, ಉಳಲು ಹೊಲವೇ ಇಲ್ಲದ ಕೂಲಿಯವನಿಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆ ಕೂಲಿಯವರಲ್ಲಿ ಹೆಚ್ಚಿನವರು ದಲಿತರು. ದೊಡ್ಡ ಹಿಡುವಳಿಗೆ ಮಿತಿ ಹಾಕಿ ಹಂಚುವುದರಲ್ಲಿ ಅವರಿಗೆ ಅಷ್ಟು ಉತ್ಸಾಹವೂ ಇರಲಿಲ್ಲ. ರೈತ ಎಂಬ ಮಾತನ್ನು ಅವರು ಬಳಸಿದಾಗ ಅದರೊಳಗೆ ಯಾರೆಲ್ಲ ಇದ್ದರು, ಯಾರು ಹೊರಗುಳಿದರು ಎಂದು ಕೇಳುವ ಹಕ್ಕು ಕೋಲಾರದಂಥ ಜಿಲ್ಲೆಯ ಜನರಿಗೆ ಖಂಡಿತ ಇದೆ. ದಲಿತ ಚಳವಳಿ ಬೇರೂರಿದ ನೆಲ ಇದು.

1967ರಲ್ಲಿ ಕಾಂಗ್ರೆಸ್ ಬಿಟ್ಟು ಉತ್ತರ ಪ್ರದೇಶದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದದ್ದು, 1970ರಲ್ಲಿ ಮತ್ತೊಮ್ಮೆ ಆದದ್ದು, ಎರಡು ಸಲವೂ ವರ್ಷ ತುಂಬದೆ ಇಳಿದದ್ದು ಎಲ್ಲರೂ ಬಲ್ಲ ಸಂಗತಿ. ಕುರ್ಚಿಯ ಯೋಗ ಅವರಿಗೆ ಎಂದೂ ಗಟ್ಟಿಯಾಗಿರಲಿಲ್ಲ. 1978ರ ಡಿಸೆಂಬರ್ 23ರಂದು, ಸಂಪುಟದಿಂದ ಹೊರಗಿದ್ದಾಗ, ಅವರ ಹುಟ್ಟುಹಬ್ಬಕ್ಕೆ ದೆಹಲಿಯಲ್ಲಿ ಸೇರಿದ ರೈತರ ಜಾತ್ರೆಯನ್ನು ಕಂಡು ಮೊರಾರ್ಜಿಯವರು ಮುಂದಿನ ತಿಂಗಳೇ ಅವರನ್ನು ಉಪಪ್ರಧಾನಿಯನ್ನಾಗಿ, ಹಣಕಾಸು ಸಚಿವರನ್ನಾಗಿ ಕರೆದುಕೊಳ್ಳಬೇಕಾಯಿತು. 1979ರ ಅವರ ಬಜೆಟ್ಟನ್ನು ಪೇಟೆಯವರು ‘ಕುಲಕ್ ಬಜೆಟ್’, ಅಂದರೆ ಸಿರಿವಂತ ರೈತರ ಬಜೆಟ್, ಎಂದು ಹಂಗಿಸಿದರು. ಅವರು ಹಣಕಾಸು ಸಚಿವರಾಗಿದ್ದ ಆ ಮಾರ್ಚ್ ತಿಂಗಳಲ್ಲೇ ಗ್ರಾಮೀಣ ಸಾಲ ವ್ಯವಸ್ಥೆಯನ್ನು ಪರಿಶೀಲಿಸಲು ರಿಸರ್ವ್ ಬ್ಯಾಂಕ್ ಬಿ. ಶಿವರಾಮನ್ ಸಮಿತಿಯನ್ನು ನೇಮಿಸಿತು. ಅದರ ಶಿಫಾರಸಿನ ಫಲ 1982ರಲ್ಲಿ ಹುಟ್ಟಿದ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್. ನಮ್ಮ ಸಹಕಾರ ಸಂಘಗಳಲ್ಲಿ ಬೆಳೆಸಾಲ ಪಡೆಯುವವರು ಆ ಹೆಸರನ್ನು ದಿನವೂ ಕೇಳುತ್ತಾರೆ.

1987ರ ಮೇ 29ರಂದು ಅವರು ತೀರಿಕೊಂಡರು. ದೆಹಲಿಯಲ್ಲಿ ಅವರ ಸಮಾಧಿಗೆ ಕಿಸಾನ್ ಘಾಟ್ ಎಂದು ಹೆಸರು. 2024ರಲ್ಲಿ ಮರಣೋತ್ತರವಾಗಿ ಭಾರತರತ್ನ ಬಂತು. ಹುಟ್ಟಿದ ದಿನ ರೈತ ದಿನಾಚರಣೆಯೆಂದು ಸರ್ಕಾರಿ ಕ್ಯಾಲೆಂಡರಿನಲ್ಲಿದೆ. ನಮ್ಮಲ್ಲಿ ಆ ದಿನ ಯಾವುದೋ ಸಭಾಂಗಣದಲ್ಲಿ ಪ್ರಗತಿಪರ ರೈತರಿಗೆ ಶಾಲು ಹೊದಿಸುತ್ತಾರೆ, ಹಿಂದಿನ ಬ್ಯಾನರಿನಲ್ಲಿ ಗಾಂಧಿ ಟೋಪಿಯ ಚಿತ್ರವೊಂದು ಇರುತ್ತದೆ. ಅದು ಯಾರೆಂದು ಶಾಲು ಹೊದಿಸಿಕೊಂಡ ನನ್ನ ನೆರೆಯವರೊಬ್ಬರನ್ನು ಕೇಳಿದೆ. ‘ಶಾಸ್ತ್ರಿಗಳಲ್ಲವೇ?’ ಎಂದರು.

ಆದ್ದರಿಂದ ಸಂಪಾದಕರಲ್ಲಿ ನನ್ನ ಬಿನ್ನಹ ಇಷ್ಟು. ಬರುವ ಡಿಸೆಂಬರ್ 23ರಂದು ವಿದ್ಯಾರ್ಥಿ ಪುರವಣಿಯಲ್ಲಿ ಅವರ ಬಗ್ಗೆ ಮತ್ತೊಮ್ಮೆ ಬರೆಯುವುದಾದರೆ, 24 ದಿನಗಳ ಸಂಗತಿಯನ್ನು ಇದ್ದ ಹಾಗೆಯೇ, ಅವರ ತಪ್ಪಿನ ಸಮೇತ, ಉಳಿಸಿಕೊಳ್ಳಿ. ಅದರ ಪಕ್ಕದಲ್ಲಿ 1953ರ ಪಟವಾರಿ ರಾಜೀನಾಮೆಗೆ, ಚಕಬಂದಿಗೆ ನಾಲ್ಕು ಸಾಲು ಜಾಗ ಕೊಡಿ. ಮಕ್ಕಳಿಗೆ ಕಷ್ಟವಾಗುತ್ತದೆ ಎನ್ನಬೇಡಿ. ಮೊನ್ನೆ ಮೊಮ್ಮಗಳಿಗೆ ನಮ್ಮ ಐದು ತುಂಡು ಹೊಲದ ನಕ್ಷೆಯನ್ನು ನೋಟ್‌ಬುಕ್ಕಿನ ಹಾಳೆಯ ಮೇಲೆ ಬರೆದು ತೋರಿಸಿ ಈ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಪೆನ್ಸಿಲಿನಿಂದ ಐದನ್ನೂ ಸೇರಿಸಿ ಗೆರೆ ಎಳೆದು, ‘ಹಾಗಾದರೆ ನಮ್ಮದನ್ನು ಯಾರು ಒಂದು ಮಾಡುತ್ತಾರೆ ತಾತ?’ ಎಂದು ಕೇಳಿದಳು. ಕ್ವಿಜ್‌ನಲ್ಲಿ ಆ ಪ್ರಶ್ನೆ ಬರಲಿಲ್ಲವಂತೆ.

ಇತಿ,
ಒಬ್ಬ ನಿವೃತ್ತ ಭೂಮಾಪಕ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ